ನಾಲ್ಕು ಪೆಟ್ಟಿನ ಮೌನ

ಒಂಬತ್ತು ವರ್ಷದಿಂದ ಒಂದು ಹಾಡೂ ಹುಟ್ಟದಿದ್ದ ಆ ರಾಕ್ ಹಾಡುಗಾರನಿಗೆ ಸೋಮವಾರ ಬೆಳಿಗ್ಗೆ ಹಲ್ಲುಜ್ಜುವಾಗ ರಾಗವೊಂದು ಬಂತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಗಿಟಾರಿನ ಬಳಿ ಓಡಿದ. ನಲವತ್ತು ವರ್ಷದಲ್ಲಿ ಅವನ ಕ್ರಮ ಬದಲಾಗಿರಲಿಲ್ಲ: ಮೊದಲು ‘ಲಾಲಾ, ನಾನಾ’ ಎಂದು ಅರ್ಥವಿಲ್ಲದೆ ಗುನುಗುವುದು, ಮಾತು ಆಮೇಲೆ. ಮಧ್ಯಾಹ್ನದ ಹೊತ್ತಿಗೆ ಹಾಡಿಗೆ ಕೈಕಾಲು ಮೂಡಿತ್ತು.

ಹೊರಗಿನವರಿಗೆ ಅವನು ದೊಡ್ಡ ಮನುಷ್ಯ. ಹದಿನಾಲ್ಕು ಆಲ್ಬಂ, ಗೋಡೆ ತುಂಬ ಪ್ರಶಸ್ತಿ, ಎಲ್ಲಿ ಹೋದರೂ ಹಳೆಯ ಹಾಡೇ ಬೇಕೆನ್ನುವ ಜನ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ಮ್ಯಾನೇಜರ್ ಸಮಾಧಾನ ಹೇಳುತ್ತಿದ್ದ. ಇವನ ಕಿವಿಗೆ ‘ಸತ್ತರೂ’ ಎನ್ನುವುದಷ್ಟೇ ಬೀಳುತ್ತಿತ್ತು. ಹಾಡು ಕಟ್ಟದಿದ್ದರೆ ತಾನು ಯಾರೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಇನ್ನೊಂದು, ಒಂದೇ ಒಂದು ಹೊಸ ಹಾಡು ಸಿಗಲಿ ಎಂದು ಒಳಗೊಳಗೇ ಅಂಗಲಾಚುತ್ತಿದ್ದ. ಹೆಂಡತಿಗೂ ಹೇಳಿಕೊಂಡಿರಲಿಲ್ಲ.

ಭಾವಮೈದುನನಿಗೆ ಫೋನ್ ಮಾಡಿದ. ಮೊದಲ ದಿನದಿಂದ ತಂಡದ ಡ್ರಮ್ಸ್ ಬಾರಿಸಿದವನು ಅವನೇ, ಹೆಂಡತಿಯ ತಮ್ಮ. ಅಕ್ಕನನ್ನು ಕೊಟ್ಟು ಗಿಟಾರಿನವನನ್ನು ಹಿಡಿದುಹಾಕಿದೆ ಎಂದು ಊರೆಲ್ಲ ತಮಾಷೆ ಮಾಡುವವನು. ಮಂಡಿನೋವಿದ್ದರೂ ಅರ್ಧ ಗಂಟೆಯಲ್ಲಿ ಬಂದ. ಗೋಡೆಗೆ ಹಳೆಯ ಕಂಬಳಿಗಳನ್ನು ಮೊಳೆ ಹೊಡೆದು ಹಾಕಿದ್ದ ಗ್ಯಾರೇಜಿನಲ್ಲಿ ಇಬ್ಬರೂ ಕೂತರು. ಇದು ಹೊಸದು, ಸುಮ್ಮನೆ ನನ್ನ ಹಿಂದೆ ಬಾ ಎಂದು ಇವನು ಶುರುಮಾಡಿದ.

ಭಾವಮೈದುನ ಹಿಂದೆಯೇ ಬಂದ. ಹಾಡು ಏರಿತು. ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಇವನು ತಂತಿಗಳ ಮೇಲೆ ಅಂಗೈ ಇಟ್ಟು ತಾಳದ ನಾಲ್ಕು ಪೆಟ್ಟಿನಷ್ಟು ಸುಮ್ಮನಾದ. ಬೆಳಿಗ್ಗೆಯಷ್ಟೇ ಹೊಳೆದ ಚಮತ್ಕಾರ ಅದು, ಯಾರಿಗೂ ಹೇಳಿರಲಿಲ್ಲ. ಆದರೆ ಡ್ರಮ್ಸೂ ಅದೇ ಕ್ಷಣಕ್ಕೆ ನಿಂತಿತು. ನಾಲ್ಕು ಪೆಟ್ಟು ಕಳೆದು, ಗಿಟಾರಿನ ಜೊತೆಗೇ ಮತ್ತೆ ಎದ್ದಿತು.

ಇವನು ನುಡಿಸುವುದನ್ನು ಬಿಟ್ಟು, ಇಲ್ಲಿ ನಿಲ್ಲಬೇಕೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಭಾವಮೈದುನ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಂಬಳಿಯ ಕಡೆ ನೋಡಿದ. ನಮ್ಮ ಎರಡನೆಯ ಆಲ್ಬಮ್ಮಿನ ಕೊನೆಯ ಹಾಡಲ್ಲವೇ ಎಂದ. ತಾಳ ಕೊಂಚ ನಿಧಾನವಾಗಿದೆ, ಅಷ್ಟೇ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ.

ಇವನು ನಗಲು ನೋಡಿದ, ಆಗಲಿಲ್ಲ. ಎಂಥವರೂ ಒಮ್ಮೆ ಎಡವುತ್ತಾರೆ, ಶುರುವಿನಲ್ಲೇ ಹೇಳಬಾರದಿತ್ತೇ ಎಂದು ಸಿಡುಕಿದ.

“ಹೇಳಿದೀನಿ ಭಾವ. ಹೋದ ವರ್ಷಾನೂ ಇದನ್ನೇ ತಂದಿದ್ರಿ. ಅದರ ಹಿಂದಿನ ವರ್ಷಾನೂ.”

ಇವನು ತಲೆಯೊಳಗೆ ತಡಕಾಡಿದ. ಹೋದ ವರ್ಷ ಇಲ್ಲಿ ಕೂತದ್ದು, ಈ ಮಾತು ಕೇಳಿದ್ದು, ಯಾವುದೂ ಸಿಗಲಿಲ್ಲ. ಹಾಡು ಬತ್ತಿತೆಂದು ಹೆದರಿದ್ದವನಿಗೆ ಬತ್ತುತ್ತಿರುವುದು ತಾನೇ ಎಂದು ಈಗ ತಿಳಿಯಿತು.

“ನಿಮ್ಮಕ್ಕನಿಗೆ ಗೊತ್ತಾ?”

“ನಂಗಿಂತ ಮೊದಲೇ.”

ಇವನು ಗಿಟಾರ್ ಸರಿಮಾಡಿಕೊಂಡ. “ಇನ್ನೊಂದ್ ಸಲ ಬಾರಿಸು. ಆ ಜಾಗದಲ್ಲಿ ಮಾತ್ರ ನಿಲ್ಲಬೇಡ. ನಾನೂ ನಿಲ್ಲಲ್ಲ. ಅಷ್ಟಾದರೂ ಹೊಸದಾಗಲಿ.”

ಭಾವಮೈದುನ ತಲೆಯಾಡಿಸಿದ. ಒಬ್ಬರ ಮುಖ ಒಬ್ಬರು ನೋಡುತ್ತಲೇ ನುಡಿಸಿದರು. ಹಾಡು ಏರಿತು, ಆ ಜಾಗ ಬಂತು. ಬೇಡ ಬೇಡವೆಂದರೂ ಇವನ ಅಂಗೈ ತಾನಾಗಿ ಹೋಗಿ ತಂತಿಗಳ ಮೇಲೆ ಕೂತಿತು. ಭಾವಮೈದುನ ಕೊಟ್ಟ ಮಾತು ತಪ್ಪಲಿಲ್ಲ. ಆ ನಾಲ್ಕು ಪೆಟ್ಟನ್ನು ಒಬ್ಬನೇ ಬಾರಿಸಿದ, ಅಳುತ್ತಾ.