ಬೆನ್ನಿನ ಬಂಧು

ಹಾಸಿಗೆ ಅಂಗಡಿಯ ಅಳಿಯನಿಗೆ ಸೊಂಟ ಹಿಡಿದದ್ದು ಹಾಸಿಗೆಯಿಂದಲೇ. 'ಬೆನ್ನಿನ ಬಂಧು' ಎಂಬುದು ಆ ಅಂಗಡಿಯ ಅತಿ ದುಬಾರಿ ಹಾಸಿಗೆ. ಅದನ್ನು ಮಹಡಿಗೆ ಸಾಗಿಸಲು ಒಬ್ಬ ಆಳನ್ನು ಕರೆಯೋಣವೆಂದರೆ, ಮಾಲೀಕರೂ ಆದ ಮಾವ, "ಅಷ್ಟು ಎತ್ತೋಕಾಗಲ್ವಾ? ಏನು ಗಂಡಸಯ್ಯಾ ನೀನು!" ಎಂದರು. ಅರ್ಧ ಮೆಟ್ಟಿಲಲ್ಲಿ ಸೊಂಟ ಕಟಕ್ ಎಂದಿತು. ಗಂಡಸುತನ ಅಲ್ಲೇ ಉಳಿಯಿತು, ಅಳಿಯನನ್ನು ಮಾತ್ರ ಇಬ್ಬರು ಹೊತ್ತು ಇಳಿಸಿದರು.

ಮಾವನಿಗೆ ಅಳಿಯನ ಸೊಂಟಕ್ಕಿಂತ ಅಂಗಡಿಯ ಮಾನದ್ದೇ ಚಿಂತೆ.

"ಹಾಸಿಗೆ ಮಾರೋನಿಗೇ ಸೊಂಟನೋವು ಅಂದ್ರೆ ಜನ ಉಗೀತಾರೆ. ಯಾರ ಮುಂದೆನೂ ಸೊಂಟ ಹಿಡ್ಕೋಬೇಡ."

"ಮನೇಲಿ ಸ್ವಲ್ಪ ದಿನ ಮಲಗ್ತೀನಿ ಮಾವ."

"ಮನೇಲಿ ಮಲಗಿದ್ರೇನು, ಅಂಗಡೀಲಿ ಮಲಗಿದ್ರೇನು? ಅಳಿಯ ಅಲ್ಲ, ಮಗಳ ಗಂಡ!"

ಹಾಗಾಗಿ ಅಂಗಡಿಯ ಗಾಜಿನ ಹಿಂದೆ, ಬೀದಿಗೆ ಕಾಣುವಂತೆ, ಅವನನ್ನು ಬೆನ್ನಿನ ಬಂಧುವಿನ ಮೇಲೆಯೇ ಮಲಗಿಸಲಾಯಿತು. ದಾರಿಹೋಕರು ನಿಂತಾಗಲೆಲ್ಲ ಹಾಯಾಗಿರುವಂತೆ ನಗುವುದೇ ಅವನ ಕೆಲಸ. ಮೆತ್ತಗಿನ ಹಾಸಿಗೆಯಲ್ಲಿ ಹೂತುಕೊಂಡಷ್ಟೂ ಸೊಂಟ ಹಲಗೆಯಂತೆ ಬಿಗಿಯಿತು. ಮನೆಗೆ ಹೋದರೆ ಪುಟ್ಟ ಮಗಳು ಕೈ ಚಾಚಿ "ಎತ್ಕೋ" ಎನ್ನುವಳು, ಎತ್ತಿಕೊಳ್ಳದಿದ್ದಾಗ ಮುಖ ತಿರುಗಿಸಿ ಅಮ್ಮನ ಕಡೆ ಹೋಗುವಳು. ಕೊನೆಗೆ ಹೆಂಡತಿಯೇ ಅವನನ್ನು ಫಿಸಿಯೋಥೆರಪಿ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು.

"ಮಲಗಿ ಮಲಗಿ ನಿಮ್ಮ ಬೆನ್ನು ಸೋಮಾರಿಯಾಗಿದೆ, ಅದಕ್ಕೆ ಕೆಲಸ ಕೊಡಿ. ನಾನು ತೋರಿಸೋ ವ್ಯಾಯಾಮಗಳನ್ನ ಗಟ್ಟಿ ನೆಲದ ಮೇಲೆ ಮಾಡಿ. ಚುಚ್ಚಿದ ಹಾಗಾದ್ರೆ ತಕ್ಷಣ ನಿಲ್ಲಿಸಿ, ಶೌರ್ಯ ತೋರಿಸ್ಬೇಡಿ" ಎಂದರು ಡಾಕ್ಟರಮ್ಮ. ಶೌರ್ಯ ತೋರಿಸಬೇಡಿ ಎಂದು ಅವನಿಗೆ ಹೇಳಿದವರಲ್ಲಿ ಇವರೇ ಮೊದಲಿಗರು.

ಅಂದಿನಿಂದ ದಿನಾ ಬೆಳಗ್ಗೆ ನೆಲದ ಮೇಲೊಂದು ಚಾಪೆ. ಮೊಣಕಾಲು ಮಡಿಸಿ ಅಂಗಾತ ಮಲಗಿ ಸೊಂಟವನ್ನು ಮೆಲ್ಲಗೆ ಮೇಲೆತ್ತುವುದು, ಆಮೇಲೆ ಅಂಬೆಗಾಲಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚುವುದು. ಅಪ್ಪನಿಗೆ ಕೊನೆಗೂ ಬುದ್ಧಿ ಬಂತೆಂದು ಮಗಳು ಪಕ್ಕದಲ್ಲೇ ಅಂಬೆಗಾಲಿಟ್ಟಳು. ಮೊದಮೊದಲು ಅವನು ಬುಡ ಕಡಿದ ಬಾಳೆಯಂತೆ ವಾಲಿ ಬೀಳುತ್ತಿದ್ದ. ತಿಂಗಳುಗಳು ಉರುಳಿದ ಮೇಲೆ ಒಂದು ದಿನ, ಮಂಡಿ ಬಗ್ಗಿಸಿ ಬೆನ್ನು ನೆಟ್ಟಗಿಟ್ಟು ಮಗಳನ್ನು ಎತ್ತಿಕೊಂಡೇಬಿಟ್ಟ. ಅವಳು ಕೇಕೆ ಹಾಕಿದಳು, ಇವನು ಅತ್ತುಬಿಟ್ಟ.

ಮಾವ ಆ ವಾರವೇ ಗಾಜಿಗೆ ಬೋರ್ಡು ಅಂಟಿಸಿದರು: 'ಬೆನ್ನಿನ ಬಂಧು ಎಬ್ಬಿಸಿ ನಿಲ್ಲಿಸಿದ ಅಳಿಯ! ಒಳಗೆ ಬಂದು ನೋಡಿ.'

"ಮಾವ, ಇದು ಸುಳ್ಳಲ್ವಾ?"

"ಬಾಯಿ ಬಿಟ್ಟರೆ ಬೇರೆ ಕೆಲಸ ನೋಡ್ಕೋ. ಹಾಸಿಗೆ ಇದ್ದಷ್ಟು ಕಾಲು ಚಾಚು."

ಜನ ಬಂದರು, ಅವನ ಬೆನ್ನು ಮುಟ್ಟಿ ನೋಡಿದರು, ಹಾಸಿಗೆ ಕೊಂಡರು. ಅವನ ಬಾಯಲ್ಲಿ ಸತ್ಯ ಬಿಸಿತುಪ್ಪವಾಗಿ ಕೂತಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ಮಧ್ಯಾಹ್ನ ಸೊಂಟಕ್ಕೆ ಕೈ ಕೊಟ್ಟುಕೊಂಡು ದರ್ಜಿ ಹೆಂಗಸೊಬ್ಬಳು ಬಂದಳು. "ಅಣ್ಣಾ, ನಿಜ ಹೇಳಿ. ಹೊಸ ಹೊಲಿಗೆ ಮಿಷನ್ನಿಗೆ ಅಂತ ಕೂಡಿಟ್ಟ ದುಡ್ಡಿದು. ಈ ಹಾಸಿಗೆಯಿಂದಲೇ ನಿಮಗೆ ವಾಸಿಯಾಯ್ತಾ?"

ಗಲ್ಲಾದಿಂದ ಮಾವ ಕಣ್ಣು ಬಿಟ್ಟರು. ಅಳಿಯನಿಗೆ ಕೆಲಸವೂ ನೆನಪಾಯಿತು, ಮನೆಯೂ ನೆನಪಾಯಿತು. ಆದರೆ ಅವಳು ಸೊಂಟ ಹಿಡಿದುಕೊಂಡಿದ್ದ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ ಅಕ್ಕ. ಇದರ ಮೇಲೆ ಮಲಗಿ ಕೆಟ್ಟೆ, ಡಾಕ್ಟರಮ್ಮ ಹೇಳಿದ ಹಾಗೆ ನೆಲದ ಮೇಲೆ ಒದ್ದಾಡಿ ಎದ್ದೆ."

"ತೊಲಗು ಅಂಗಡಿಯಿಂದ!" ಮಾವ ಎದ್ದು ಬಂದರು. "ಇವನ ಮಾತು ಕೇಳ್ಬೇಡಮ್ಮ. ಹಾಸಿಗೆ ನಾನೇ ಎತ್ತಿ ಗಾಡಿಗೆ ಹಾಕಿಕೊಡ್ತೀನಿ, ಎಷ್ಟು ಹಗುರ ನೋಡು!" ಎಂದು ಸೊಂಟ ಬಗ್ಗಿಸಿ ಬೆನ್ನಿನ ಬಂಧುವನ್ನು ಒಂದೇ ಏಟಿಗೆ ಎತ್ತಿದರು.

ಕಟಕ್.

ಮಾವ ನೆಲ ಕಂಡರು. ಅಳಿಯ ಓಡಿಬಂದು ಪಕ್ಕದಲ್ಲಿ ಮಂಡಿಯೂರಿದ. "ಮಾವ, ಹೆದರ್ಬೇಡಿ. ಬೆನ್ನಿನ ಬಂಧು ಮೇಲೆ ಮಲಗಿಸ್ತೀನಿ."

"ಅಯ್ಯೋ ಬೇಡಪ್ಪಾ! ಆ ಹಾಳು ಹಾಸಿಗೆ ಬೇಡ! ನೆಲದ ಮೇಲೇ ಬಿಡು!"

ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ದರ್ಜಿ ಹೆಂಗಸು ದುಡ್ಡಿನ ಚೀಲ ಮುಚ್ಚಿ, ಆ ಡಾಕ್ಟರಮ್ಮ ಎಲ್ಲಿ ಸಿಗುತ್ತಾರೆಂದು ಕೇಳಿದಳು. ಅಳಿಯ ದಾರಿ ಹೇಳತೊಡಗಿದ.

"ಸ್ವಲ್ಪ ಜೋರಾಗಿ ಹೇಳಯ್ಯಾ," ನೆಲದಿಂದ ಮಾವನ ದನಿ ಬಂತು, "ನನಗೂ ಕೇಳಿಸಲಿ."