ಬರ್ನಡೀನ್ ಮನೆಯನ್ನು ಆಚೆ ತಳ್ಳಿದ ಗೆರೆ

ಆ ಅಕ್ಟೋಬರಿನಲ್ಲಿ ಒಹಾಯೋದ ಮನೆ ಅಂಗಳಗಳ ಚುನಾವಣಾ ಫಲಕ ನಂಬಿ ಮತ ಹಾಕುವವರಿಗೆ ದೇವರೇ ಗತಿ. ಲೋರೀನ್ ಸ್ಟ್ರೂಬಲ್ ಮನೆ ಮುಂದೆ ‘ಮೋಸದ ಗೆರೆ ನಿಲ್ಲಿಸಿ, ಬೇಡ ಎನ್ನಿ’ ಎಂದು ಅವಳ ತಮ್ಮ ಡಾರಲ್ ನೆಟ್ಟ ಫಲಕ. ರಸ್ತೆಯಾಚೆ ನೆರೆಯವಳು ಬರ್ನಡೀನ್ ಮನೆ ಮುಂದೆ ‘ಮೋಸದ ಗೆರೆ ನಿಲ್ಲಿಸಿ, ಹೌದು ಎನ್ನಿ’. ಇಬ್ಬರೂ ಮೋಸದ ವಿರುದ್ಧವೇ ಇದ್ದರೆ ಮೋಸ ಮಾಡುತ್ತಿರುವವರಾದರೂ ಯಾರು? ಲೋರೀನ್‌ಳ ತಲೆಗೆ ಹುಳ ಹೊಕ್ಕಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಸಲೂನು. ತಮ್ಮನ ಕೂದಲೂ ಬರ್ನಡೀನ್ ಕೂದಲೂ ಅವಳ ಕತ್ತರಿಗೇ ಬರಬೇಕು. ಹೀಗಾಗಿ ಊರ ಸುದ್ದಿಯೆಲ್ಲ ಅವಳ ಕಿವಿಗೆ ಬೀಳುತ್ತಿತ್ತು, ಬಿದ್ದದ್ದು ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತಿರಲಿಲ್ಲ.

ಅಂಚೆಯಲ್ಲಿ ಬಂದ ಮತಪತ್ರ ಅಡುಗೆಮನೆಯ ಮೇಜಿನ ಮೇಲಿತ್ತು. ನ್ಯಾಯಾಧೀಶರ ಆಯ್ಕೆ, ಶಾಲೆಯ ತೆರಿಗೆ, ಎಲ್ಲಕ್ಕೂ ಗುರುತು ಹಾಕಿಯಾಗಿತ್ತು. ಒಂದಕ್ಕೆ ಮಾತ್ರ ಮೀನ ಮೇಷ. ಕ್ಷೇತ್ರಗಳ ಗಡಿಯನ್ನು ಈಗಿನಂತೆ ಗೆದ್ದ ರಾಜಕಾರಣಿಗಳೇ ಎಳೆಯಬೇಕೋ, ಅದನ್ನು ಕಿತ್ತು ಸಾಮಾನ್ಯ ಜನರ ಸಮಿತಿಗೆ ಕೊಡಬೇಕೋ? ‘ಹೌದು’ ಗೆದ್ದರೆ ಗೆರೆ ಎಳೆಯುವ ಕೆಲಸ ಸಮಿತಿಗೆ, ಡಾರಲ್‌ನ ಶಾಸಕ ಸ್ಥಾನಕ್ಕೆ ಕುತ್ತು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಲೋರೀನ್. ಸಾಕಿದ ಕೈಯಿಂದಲೇ ಅವನ ಹೊಟ್ಟೆಯ ಮೇಲೆ ಹೊಡೆಯುವುದು ಹೇಗೆ?

ಆದರೆ ಕುತೂಹಲ ಸುಮ್ಮನಿರಬೇಕಲ್ಲ. ಕ್ಷೇತ್ರದ ನಕ್ಷೆ ತರಿಸಿ, ಕನ್ನಡಕ ಏರಿಸಿ ಕೂತಳು. ಗೆರೆ ಹೊಳೆಯ ಗುಂಟ ಬಂದು ಹೆದ್ದಾರಿ ಹಿಡಿದಿತ್ತು. ನೆಟ್ಟಗೆ ಹೋಗುವುದು ಬಿಟ್ಟು ಇದ್ದಕ್ಕಿದ್ದಂತೆ ಅವಳ ಬೀದಿಗೆ ನುಗ್ಗಿ, ಬರ್ನಡೀನ್ ಮನೆಯನ್ನೂ ಅದರ ಆಚೀಚೆ ಮನೆಗಳನ್ನೂ ಹೊರಗೆ ತಳ್ಳಿ, ಏನೂ ಆಗಿಲ್ಲವೆಂಬಂತೆ ಮತ್ತೆ ಹೆದ್ದಾರಿ ಸೇರಿತ್ತು. ಚೆಲ್ಲಿದ ಹಾಲು ಕೂಡ ಇಷ್ಟು ಸೊಟ್ಟಗೆ ಹರಿಯುವುದಿಲ್ಲ.

ಶನಿವಾರ ಡಾರಲ್ ಕೂದಲು ಕತ್ತರಿಸಿಕೊಳ್ಳಲು ಬಂದ. ಎಡಗಡೆ ಮುಗಿಸಿ ಲೋರೀನ್ ಕೈ ನಿಲ್ಲಿಸಿದಳು.

“ಈ ಗೆರೆ ನಮ್ಮ ಬೀದಿಗೆ ಯಾಕೋ ಬಂತು?”

“ಜನಸಂಖ್ಯೆ ಸಮ ಆಗ್ಬೇಕಲ್ಲ ಅಕ್ಕಾ. ದೊಡ್ಡ ಲೆಕ್ಕ ಅದು, ನಿಂಗೆ ಬೋರಾಗುತ್ತೆ.”

“ಬೋರಾದ್ರೆ ನಾನೇ ಹೇಳ್ತೀನಿ. ಎದುರುಗಡೆ ಇರೋರು ನಾಲ್ಕು ಜನ ಮುದುಕೀರು, ಒಂದು ನಾಯಿ. ಇವರನ್ನ ಕಳೆದು ಏನಪ್ಪಾ ಸಮ ಮಾಡಿದ್ರಿ?”

“ಬೇಗ ಮುಗಿಸು ಮಾರಾಯ್ತಿ, ಭಾಷಣ ಇದೆ.”

“ಹೋಗು, ಯಾರು ಹಿಡ್ಕೊಂಡಿದಾರೆ? ಅರ್ಧ ತಲೇಲೇ ಹೋಗು. ಜನ ಖುಷಿ ಪಡ್ತಾರೆ.”

ಡಾರಲ್ ಕನ್ನಡಿಯಲ್ಲಿ ತನ್ನ ಅವಸ್ಥೆ ನೋಡಿಕೊಂಡ. ಏಳುವ ಹಾಗಿರಲಿಲ್ಲ.

“ಬರ್ನಡೀನ್ ನನ್ನೆದುರು ನಿಲ್ಲೋಳಿದ್ಲು,” ಎಂದ ಕಡೆಗೆ. “ಕ್ಷೇತ್ರದೊಳಗೆ ಮನೆ ಇಲ್ದಿದ್ರೆ ನಿಲ್ಲೋ ಹಾಗಿಲ್ಲ. ಗಂಡ ಕಟ್ಟಿದ ಮನೆ, ಅದನ್ನ ಬಿಟ್ಟು ಅವಳು ಬರೋಳಲ್ಲ.”

“ಇಷ್ಟೆಲ್ಲ ನಿಂಗ್ಯಾರು ಹೇಳಿದ್ರು?”

“ನೀನೇ. ನಾನು ಇದೇ ಕುರ್ಚೀಲಿ ಕೂತಿದ್ದಾಗ.”

ಲೋರೀನ್‌ಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ನಿಜ, ಬರ್ನಡೀನ್ ಹೇರ್ ಡೈ ಹಚ್ಚಿಸಿಕೊಳ್ಳುತ್ತ, ಯಾರಿಗೂ ಹೇಳಬೇಡ ಎಂದೇ ಹೇಳಿದ್ದಳು. ‘ಯಾರಿಗೂ’ ಅಂದರೆ ಅದರಲ್ಲಿ ತಮ್ಮ ಸೇರುವುದಿಲ್ಲ ಎಂದುಕೊಂಡು ಇವಳು ತಮಾಷೆಯಾಗಿ ಬಾಯಿ ಬಿಟ್ಟಿದ್ದಳು. ಪಾಪ, ಆ ಹೆಂಗಸು ಇವತ್ತಿಗೂ ಕೂದಲಿಗೆ ಇಲ್ಲಿಗೇ ಬರುತ್ತಾಳೆ.

ಅವಳು ಅಡುಗೆಮನೆಗೆ ಹೋಗಿ, ಮತಪತ್ರಕ್ಕೆ ಗುರುತು ಹಾಕಿ, ಪೆನ್ನು ಹಿಡಿದೇ ಬೇಗನೇ ವಾಪಸು ಬಂದಳು.

“ಏನು ಹಾಕಿದೆ?”

“ಹೌದು ಅಂತ.”

“ನನ್ನ ಸೀಟು ಹೋಗುತ್ತೆ ಅಕ್ಕಾ.”

“ನೀನೂ ನಿಲ್ಲು. ಅವಳೂ ನಿಲ್ಲಲಿ.”

“ಆಗ ನೀನು ಯಾರಿಗೆ ಹಾಕ್ತೀಯಾ?”

ಲೋರೀನ್ ಅವನ ಬಲಗಿವಿಯನ್ನು ಮೆಲ್ಲಗೆ ಮಡಿಸಿ ಕತ್ತರಿ ಎತ್ತಿದಳು. “ಗೊತ್ತಿಲ್ಲ ಕಣೋ. ಇಬ್ಬರೂ ಏನು ಹೇಳ್ತೀರೋ ಕೇಳ್ಬೇಕು.”

ಡಾರಲ್ ಅಲ್ಲಾಡದೆ ಕೂತ. ಅಕ್ಕನ ಹತ್ತಿರ ವೋಟು ಕೇಳಬೇಕಾಗಬಹುದು ಎಂದು ಅವನು ಎಂದೂ ಯೋಚಿಸಿರಲಿಲ್ಲ.