ಮನುಷ್ಯರೊಂದಿಗೆ ಮಾತಾಡಲು

ನಡೆದದ್ದನ್ನೇ ಹೇಳುತ್ತೇನೆ, ಸುಳ್ಳು ಕಟ್ಟುವಷ್ಟು ತ್ರಾಣ ನಮ್ಮ ಕಚೇರಿಯಲ್ಲಿ ಯಾರಿಗೂ ಉಳಿದಿಲ್ಲ.

ಡ್ಯಾನ್ಯೂಬ್ ದಂಡೆಯ ನಮ್ಮ ಪುರಸಭೆಗೆ ರಾಜಧಾನಿ ಸೋಫಿಯಾದಿಂದ ಅಸೆನ್ ಎಂಬ ಅಧಿಕಾರಿ ಬಂದಿದ್ದರು. ಸರ್ಕಾರಿ ಸೇವೆಗಳೆಲ್ಲ ಫೋನು, ಕಂಪ್ಯೂಟರು ಹತ್ತಿದ ಮೇಲೆ ಜನರಿಗೆಷ್ಟು ಲಾಭವಾಯಿತೆಂದು ಅಳೆಯುವುದು ಅವರ ಕೆಲಸ. ಭರ್ತಿ ಲಾಭವಾಗಿದೆ ಎಂದು ಬರೆದರೆ, ಜನನ-ಮರಣ ದಾಖಲೆ ಕೊಡುವ ನಮ್ಮ ಪೆಂಕಾ ಅಕ್ಕನ ಕೌಂಟರ್ ಮುಚ್ಚುತ್ತದೆ. ನಿವೃತ್ತಿಯ ಅಂಚಿನಲ್ಲಿರುವ ಆಕೆ ದಿನಾ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಓಡಬೇಕು.

ಲಾಭವಿಲ್ಲವೆಂದಲ್ಲ. ಜರ್ಮನಿಯಲ್ಲಿರುವ ನನ್ನ ತಂಗಿ ಕೂತಲ್ಲೇ ಮಗುವಿನ ದಾಖಲೆ ತೆಗೆದುಕೊಂಡಳು. ಇಲ್ಲಿನ ಮುದುಕರು ಮಾತ್ರ ಅದೇ ದಾಖಲೆಯನ್ನು ಪ್ರಿಂಟ್ ಹಾಕಿಸಿ ತಂದು, "ಬೋಳುಬೋಳಾಗಿದೆ ಕಣೆ ಪೆಂಕಾ, ದುಂಡನೆ ಸೀಲೊಂದು ಒತ್ತು" ಎಂದು ಸಾಲು ನಿಲ್ಲುತ್ತಾರೆ.

ಅಸೆನ್ ಊರೂರು ಸುತ್ತಿ, ಬಸ್ ನಿಲ್ದಾಣಗಳ ತಣ್ಣಗಾದ ಚೀಸಿನ ಬಾನಿತ್ಸಾ ರೊಟ್ಟಿ ತಿಂದು ಸೊರಗಿದ್ದರು. ಸಹಾಯವಾಣಿ ಪರೀಕ್ಷಿಸಲು ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕೌಂಟರಿನ ಮೇಲಿಟ್ಟು ತಲೆ ಬಗ್ಗಿಸಿ ಕೂತರು. ಕಾಯುವವರಿಗೆಂದು ಹಾಕುವ ಪಿಟೀಲು ಫೋನಿನಲ್ಲಿ ಬಹಳ ಹೊತ್ತು ಕುಯ್ಗುಟ್ಟಿತು. ಆಮೇಲೆ ಕರೆ ತಾನಾಗಿ ಕಡಿದುಹೋಯಿತು. ತೂಕಡಿಸುತ್ತಿದ್ದ ಅವರಿಗೆ ಗೊತ್ತಾಗಲಿಲ್ಲ. ಕೌಂಟರಿನ ಹಿಂದೆ ಹಲಗೆಯ ಮರೆಯಲ್ಲಿ ಕೂರುವ ಗುಮಾಸ್ತ ನನಗೆ ಗೊತ್ತಾಯಿತು. ಆ ಸಹಾಯವಾಣಿಯ ಹೆಣ್ಣುದನಿ ನನಗೆ ಬಾಯಿಪಾಠ. ಖಾಲಿ ಕಾಫಿ ಲೋಟ ಬಾಯಿಗಿಟ್ಟುಕೊಂಡು ಅದೇ ದನಿ ತೆಗೆದೆ.

"ನಿಮ್ಮ ಕರೆ ನಮಗೆ ಅಮೂಲ್ಯ. ನೀವು ಯಂತ್ರವಲ್ಲವೆಂದು ಖಚಿತಪಡಿಸಲು ದಯವಿಟ್ಟು ಕೆಮ್ಮಿ."

ಅಸೆನ್ ಕೆಮ್ಮಿದರು.

"ಕೆಮ್ಮು ಸ್ಪಷ್ಟವಾಗಿಲ್ಲ. ಇನ್ನಷ್ಟು ಸರ್ಕಾರಿಯಾಗಿ ಕೆಮ್ಮಿ."

ಕೆಮ್ಮಿದರು! ಪೆಂಕಾ ಅಕ್ಕ ಕರ್ಚೀಫನ್ನು ಬಾಯಿಗೆ ತುರುಕಿಕೊಂಡಳು.

"ಈ ಸೇವೆಯಿಂದ ನಿಮಗಾದ ಲಾಭ ತಿಳಿಸಿ."

"ಲಾಭಾನಾ?" ಅವರು ಕಣ್ಣುಜ್ಜಿಕೊಂಡರು. "ನೋಡಮ್ಮಾ, ನಮ್ಮಮ್ಮನ ಜನನ ಪತ್ರಕ್ಕೆ ಚಳಿಗಾಲ ಪೂರ್ತಿ ನಿಂಗೇ ಫೋನ್ ಮಾಡಿದೀನಿ. ನಿನ್ನ ಹೊಗಳಿ ಬರೆಯೋನೇ ನಾನು, ನಂಗೇ ದಿಕ್ಕಿಲ್ಲ. ಯಾರಾದ್ರೂ ಮನುಷ್ಯರ ಹತ್ರ ಮಾತಾಡ್ಸು ತಾಯಿ."

ನಾನು ಲೋಟವನ್ನು ಮತ್ತೆ ಬಾಯಿಗೊತ್ತಿಕೊಂಡೆ.

"ಮನುಷ್ಯರೊಂದಿಗೆ ಮಾತಾಡಲು, ತಲೆ ಎತ್ತಿ."

ಎತ್ತಿದರು. ಎದುರಿಗೇ ಪೆಂಕಾ ಅಕ್ಕ.

"ಅಮ್ಮನ ಹೆಸರು ಹೇಳಿ ಸಾರ್, ಈಗ್ಲೇ ತೆಗೆದುಕೊಡ್ತೀನಿ. ಏಯ್ ಮಿತ್ಕೋ, ಈಚೆ ಬಾರೋ ಕಪಿ!"

ಲೋಟ ಹಿಡಿದೇ ಈಚೆ ಬಂದೆ. ಅಸೆನ್ ಸತ್ತ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಕೆಲಸ ಹೋಯಿತೆಂದುಕೊಂಡೆ.

"ಸರ್ಕಾರಿಯಾಗಿ ಕೆಮ್ಮಬೇಕಂತೆ... ಅಯ್ಯೋ ಮುಂಡೇದೇ!" ಅವರು ಹೊಟ್ಟೆ ಹಿಡಿದುಕೊಂಡರು. "ಅಕ್ಕಾ, ಈ ಕೌಂಟರ್ ಇರ್ಲೇಬೇಕು ಅಂತ ಬರೀತೀನಿ. ಇಲ್ದಿದ್ರೆ ನಮ್ಮಂಥೋರು ಯಾರ ಮುಂದೆ ಹೋಗಿ ಕೆಮ್ಮೋದು?"

ಪೆಂಕಾ ಅಕ್ಕ ನಕ್ಕಳು, ನಾನೂ ನಕ್ಕೆ. ಆದರೆ ಮೇಜು ಗುದ್ದಿ ಗುದ್ದಿ, ಕಣ್ಣೀರು ಸುರಿಸಿಕೊಂಡು ನಕ್ಕ ಅಸೆನ್‌ರ ಗದ್ದಲದಲ್ಲಿ ನಮ್ಮಿಬ್ಬರದು ಕೇಳಿಸಲೇ ಇಲ್ಲ.